ನಮ್ಮನ್ನು ಒಡೆಯುವ ಎಐ ವಿಡಿಯೊ, ಧ್ವನಿ, ಚಿತ್ರ: ಮುಂದಕ್ಕೆ ಕಳುಹಿಸುವ ಮೊದಲು ಏನು ಮಾಡಬೇಕು?

ಓದುಗರಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆಗಳು ಎರಡು. "ಮನೆಯವರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬಂದ ವಿಡಿಯೊ ನಿಜವೋ, ಎಐ ಮಾಡಿದ್ದೋ ಎಂದು ತಿಳಿಯುವುದು ಹೇಗೆ?" ಎಂಬುದು ಮೊದಲನೆಯದು. "ಸುಳ್ಳೆಂದು ಗೊತ್ತಾದ ಮೇಲೆ ಅದನ್ನು ಹಿರಿಯರಿಗೆ ಹೇಳುವುದು ಹೇಗೆ? ಹೇಳಿದರೆ ಮನಸ್ತಾಪವಾಗುತ್ತದೆ, ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ" ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರಿಸುವ ಲೇಖನಗಳು ಬೇಕಾದಷ್ಟಿವೆ. ಎರಡನೆಯದಕ್ಕೆ ಉತ್ತರ ಹೇಳುವವರು ಕಡಿಮೆ. ಕೃತಕ ಬುದ್ಧಿಮತ್ತೆ (ಎಐ) ಸಮಾಜಕ್ಕೆ ತಂದೊಡ್ಡಿರುವ ಅಪಾಯದ ತಿರುಳು ಇರುವುದು ಈ ಎರಡನೆಯ ಪ್ರಶ್ನೆಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸುಳ್ಳು ವಿಡಿಯೊ ಇಂದಲ್ಲ ನಾಳೆ ಬಯಲಾಗುತ್ತದೆ. ಆದರೆ ಅದರ ಕಾರಣಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು, ಪರಸ್ಪರ ಅನುಮಾನದಿಂದ ನೋಡತೊಡಗಿದ ಎರಡು ಕೇರಿಗಳ ಜನ ಮತ್ತೆ ಒಂದಾಗುವುದು ಅಷ್ಟು ಸುಲಭವಲ್ಲ.

ಬಂದದ್ದನ್ನು ಪರಿಶೀಲಿಸಿ, ಸುಳ್ಳಾದರೆ ಕಳುಹಿಸಿದವರಿಗೆ ತಿಳಿಸುವ ಕೆಲಸಕ್ಕೆ ತಾಂತ್ರಿಕ ಪರಿಣತಿಯ ಅಗತ್ಯವಿಲ್ಲ. ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನ್, ಅದರಲ್ಲಿರುವ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್, ಹತ್ತು ಹದಿನೈದು ನಿಮಿಷಗಳ ಬಿಡುವು, ಇಷ್ಟಿದ್ದರೆ ಸಾಕು.

ಹಂತಗಳಿಗೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಎಐ ಜನಾಭಿಪ್ರಾಯವನ್ನು ಎರಡು ಬಗೆಯಲ್ಲಿ ಸೀಳುತ್ತದೆ. ಒಂದು, ಇಲ್ಲದ್ದನ್ನು ಸೃಷ್ಟಿಸುವ ಮೂಲಕ. ಒಬ್ಬರ ಮುಖವನ್ನೋ ಧ್ವನಿಯನ್ನೋ ಯಂತ್ರಕ್ಕೆ ಕಲಿಸಿ, ಅವರು ಆಡದ ಮಾತನ್ನು ಆಡಿಸುವ ಇಂಥ ಕೃತಿಗೆ ಡೀಪ್‌ಫೇಕ್ ಎನ್ನುತ್ತಾರೆ. ಇನ್ನೊಂದು, ಯಾರಿಗೆ ಏನನ್ನು ತೋರಿಸಬೇಕೆಂದು ಆರಿಸುವ ಮೂಲಕ. ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಈ ಆಯ್ಕೆಯನ್ನು ಮಾಡುವ ಲೆಕ್ಕಾಚಾರದ ವ್ಯವಸ್ಥೆಗೆ ಅಲ್ಗಾರಿದಮ್ ಎಂದು ಹೆಸರು. ಡೀಪ್‌ಫೇಕ್ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅಲ್ಗಾರಿದಮ್ ಬಗ್ಗೆ ಮಾತು ಕಡಿಮೆ. 2019ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಉದ್ಯೋಗಿಯೊಬ್ಬರು ಭಾರತದ ಬಳಕೆದಾರರ ಹೆಸರಿನಲ್ಲಿ ಒಂದು ಪರೀಕ್ಷಾ ಖಾತೆ ತೆರೆದು, ಯಾರನ್ನೂ ತಾವಾಗಿ ಹುಡುಕದೆ, ಆ ತಾಣವೇ ಶಿಫಾರಸು ಮಾಡಿದ ಪುಟಗಳನ್ನೂ ಗ್ರೂಪ್‌ಗಳನ್ನೂ ಮಾತ್ರ ಹಿಂಬಾಲಿಸಿದರು. ಮೂರೇ ವಾರಗಳಲ್ಲಿ ಆ ಖಾತೆಯ ತುಂಬ ದ್ವೇಷದ ಬರಹಗಳೂ ಹಿಂಸೆಯ ಚಿತ್ರಗಳೂ ತುಂಬಿಕೊಂಡವು. ತಮ್ಮ ಇಡೀ ಜೀವಮಾನದಲ್ಲಿ ನೋಡಿದ್ದಕ್ಕಿಂತ ಹೆಚ್ಚು ಶವಗಳ ಚಿತ್ರಗಳನ್ನು ಆ ಮೂರು ವಾರಗಳಲ್ಲಿ ನೋಡಿದ್ದಾಗಿ ಅವರು ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ ಬರೆದರು. ಮುಂದೆ 2021ರಲ್ಲಿ ಕಂಪನಿಯ ಆಂತರಿಕ ದಾಖಲೆಗಳು ಹೊರಬಿದ್ದಾಗ ಈ ಟಿಪ್ಪಣಿಯೂ ಬೆಳಕಿಗೆ ಬಂತು. ಅಲ್ಲಿ ಯಾವ ಡೀಪ್‌ಫೇಕೂ ಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿ.

ಹಂತ 1: ವಿಡಿಯೊ ಮುಗಿದ ಕೂಡಲೇ ಫೋನನ್ನು ಕೆಳಗಿಡಿ

ವಿಡಿಯೊ ನೋಡಿ ಮುಗಿಯುತ್ತಿದ್ದಂತೆ ಮೈ ಬಿಸಿಯಾಯಿತೇ? "ಇದನ್ನು ಎಲ್ಲರೂ ನೋಡಲೇಬೇಕು" ಎನ್ನಿಸಿತೇ? ಹಾಗಿದ್ದರೆ ನಿಲ್ಲಬೇಕಾದ ಕ್ಷಣ ಅದೇ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ ಹನ್ನೊಂದು ವರ್ಷಗಳ ಕಾಲ ಹರಿದಾಡಿದ ಸುದ್ದಿಗಳನ್ನು ಪರಿಶೀಲಿಸಿದಾಗ, ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮರುಹಂಚಿಕೊಳ್ಳುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು ಕಂಡುಬಂದಿತ್ತು. ಅದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ನಮ್ಮಂಥ ಮನುಷ್ಯರೇ ಎಂಬುದೂ ಅದೇ ಅಧ್ಯಯನದ ತೀರ್ಮಾನ. ಅಚ್ಚರಿಯೂ ಅಸಹ್ಯವೂ ನಮ್ಮ ಬೆರಳನ್ನು ಬೇಗ ಓಡಿಸುತ್ತವೆ.

ಸಂದೇಶದ ಮೇಲ್ಭಾಗದಲ್ಲಿ ಜೋಡಿ ಬಾಣದ ಗುರುತು ಇದೆಯೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಗುರುತು ಬೀಳುತ್ತದೆ. ಅಂಥ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಲು ಸಾಧ್ಯವಾಗುವಂತೆ 2020ರ ಏಪ್ರಿಲ್‌ನಿಂದ ಮಿತಿ ಹಾಕಲಾಗಿದೆ. ಜೋಡಿ ಬಾಣ ಇದೆಯೆಂದ ಮಾತ್ರಕ್ಕೆ ಅದು ಸುಳ್ಳು ಎಂದೇನೂ ಅಲ್ಲ. ಆದರೆ ಕಳುಹಿಸಿದ ನಿಮ್ಮ ಮಾವನವರಿಗೂ ಅದರ ಮೂಲ ಗೊತ್ತಿಲ್ಲದಿರಬಹುದು.

ಚುನಾವಣೆಯ ಮುನ್ನಾದಿನಗಳಲ್ಲಿ ಈ ಹಂತವನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಿ. 2023ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾದ ಮತದಾನಕ್ಕೆ ಎರಡು ದಿನ ಬಾಕಿಯಿದ್ದಾಗ, ಪ್ರತಿಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಅವರು ಪತ್ರಕರ್ತೆಯೊಬ್ಬರ ಜೊತೆ ಮತ ಖರೀದಿಯ ಬಗ್ಗೆ ಮಾತನಾಡಿದರೆನ್ನಲಾದ ಧ್ವನಿಮುದ್ರಿಕೆ ಹರಡಿತು. ಅದು ತಿರುಚಿದ್ದೆಂದು ತಜ್ಞರು ಹೇಳಿದರಾದರೂ, ಅಲ್ಲಿನ ಕಾನೂನಿನಂತೆ ಪ್ರಚಾರಕ್ಕೆ ನಿರ್ಬಂಧವಿದ್ದ ಆ ಎರಡು ದಿನಗಳಲ್ಲಿ ಅದನ್ನು ವ್ಯಾಪಕವಾಗಿ ಅಲ್ಲಗಳೆಯುವುದು ಕಷ್ಟವಾಯಿತು. ಸುಳ್ಳನ್ನು ಹೆಣೆಯುವವರು ಇಂಥ ಹೊತ್ತನ್ನೇ ಕಾಯುತ್ತಾರೆ. ಮತದಾನದ ಹಿಂದಿನ ಮೂರ್ನಾಲ್ಕು ದಿನಗಳಲ್ಲಿ ಬಂದ, ಮೂಲ ತಿಳಿಯದ ಯಾವುದನ್ನೂ ಮುಂದಕ್ಕೆ ಕಳುಹಿಸುವುದಿಲ್ಲವೆಂಬ ನಿಯಮವನ್ನು ನಿಮ್ಮ ಗ್ರೂಪ್‌ನಲ್ಲಿ ಮೊದಲೇ ಮಾಡಿಕೊಳ್ಳಿ.

ಹಂತ 2: ಎಲ್ಲಿ, ಯಾವಾಗ, ಮೊದಲು ಹಾಕಿದವರು ಯಾರು?

ಈ ಮೂರಕ್ಕೂ ಉತ್ತರವನ್ನು ಒಂದು ಚೀಟಿಯಲ್ಲಿ ಬರೆಯಲು ಪ್ರಯತ್ನಿಸಿ. "ನಮ್ಮ ರಾಜ್ಯದಲ್ಲಿ ನಡೆದದ್ದು", "ಮೊನ್ನೆಯ ಘಟನೆ", "ನಂಬಲರ್ಹ ಮೂಲದಿಂದ ಬಂದದ್ದು" ಎಂಬಂಥವು ಉತ್ತರಗಳಾಗುವುದಿಲ್ಲ. ಊರಿನ ಹೆಸರು, ತಾರೀಖು, ಮೊದಲು ಪ್ರಕಟಿಸಿದ ವ್ಯಕ್ತಿ ಅಥವಾ ಪತ್ರಿಕೆಯ ಹೆಸರು ಬೇಕು. ಎರಡು ಖಾನೆಗಳಾದರೂ ಖಾಲಿ ಉಳಿದರೆ ಆ ವಿಡಿಯೊವನ್ನು ಅಲ್ಲಿಗೇ ಬಿಡಬಹುದು.

ಇದು ಎಷ್ಟು ಮುಖ್ಯವೆಂದು ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತಿರಬೇಕು. 2018ರಲ್ಲಿ ಮಕ್ಕಳ ಕಳ್ಳರ ವದಂತಿಯ ಜೊತೆ ಒಂದು ವಿಡಿಯೊ ಹರಿದಾಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಮೂಲ ವಿಡಿಯೊ ಅಲ್ಲಿಗೆ ಮುಗಿಯುವುದಿಲ್ಲ. ಬೈಕು ಹಿಂತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಕ್ಕಳ ಬಗ್ಗೆ ಎಚ್ಚರವಾಗಿರಿ ಎಂಬ ಸಂದೇಶವಿರುವ ಫಲಕವನ್ನು ಕ್ಯಾಮೆರಾಗೆ ಹಿಡಿಯುತ್ತಾರೆ. ಅದು ಕರಾಚಿಯಲ್ಲಿ ಜನಜಾಗೃತಿಗಾಗಿ ಚಿತ್ರೀಕರಿಸಿದ ಪ್ರಕಟಣೆಯಾಗಿತ್ತು. ಯಾರೋ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ್ದರು. ಆ ವರ್ಷ ಇಂಥ ವದಂತಿಗಳಿಂದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿಯೂ ಉದ್ರಿಕ್ತ ಜನ ಅಮಾಯಕರನ್ನು ಹೊಡೆದು ಕೊಂದರು. ಒಂದು ಕತ್ತರಿಯಿಂದ ಇಷ್ಟು ಸಾಧ್ಯವಾಗಿತ್ತು. ಇಂದು ಬೈಕು, ಮಗು, ಬೀದಿ ಎಲ್ಲವನ್ನೂ ಒಂದೆರಡು ಸಾಲಿನ ವಿವರಣೆ ಕೊಟ್ಟು ಸೃಷ್ಟಿಸಬಹುದು, ಹಿನ್ನೆಲೆಯಲ್ಲಿ ನಮ್ಮದೇ ಊರಿನ ಬಸ್ ನಿಲ್ದಾಣವನ್ನೂ ಕೂರಿಸಬಹುದು.

ಹಂತ 3: ಚಿತ್ರದ ಮೂಲವನ್ನು ಹುಡುಕಿ

ಚಿತ್ರವನ್ನೇ ಕೊಟ್ಟು ಅದರಂಥ ಚಿತ್ರಗಳನ್ನು ಅಂತರಜಾಲದಲ್ಲಿ ಹುಡುಕುವುದಕ್ಕೆ ರಿವರ್ಸ್ ಇಮೇಜ್ ಸರ್ಚ್ ಎನ್ನುತ್ತಾರೆ. ಮಾಡುವ ಕ್ರಮ ಹೀಗಿದೆ. ಚಿತ್ರವಾದರೆ ಅದನ್ನು ಗ್ಯಾಲರಿಗೆ ಉಳಿಸಿಕೊಳ್ಳಿ. ವಿಡಿಯೊವಾದರೆ ಮುಖ, ಅಂಗಡಿಯ ಫಲಕ, ವಾಹನದ ನಂಬರ್ ಪ್ಲೇಟ್ ಇಂಥವು ಸ್ಪಷ್ಟವಾಗಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಒಂದಲ್ಲ, ಬೇರೆ ಬೇರೆ ದೃಶ್ಯಗಳ ಮೂರ್ನಾಲ್ಕು ಇರಲಿ. ಸ್ಕ್ರೀನ್‌ಶಾಟ್‌ನಲ್ಲಿ ವಾಟ್ಸ್‌ಆ್ಯಪ್‌ನ ಪಟ್ಟಿಯೂ ಮೇಲೆ ಅಂಟಿಸಿದ ಬರಹವೂ ಉಳಿಯದಂತೆ ಕತ್ತರಿಸಿ, ಇಲ್ಲವಾದರೆ ಹುಡುಕಾಟ ದಾರಿ ತಪ್ಪುತ್ತದೆ. ಆಮೇಲೆ ಗೂಗಲ್ ಲೆನ್ಸ್ ತೆರೆದು ಚಿತ್ರವನ್ನು ಕೊಡಿ. ಬಂದ ಫಲಿತಾಂಶಗಳಲ್ಲಿ ಅತ್ಯಂತ ಹಳೆಯ ತಾರೀಖಿನದನ್ನು ಹುಡುಕಿ ತೆಗೆಯಿರಿ, ಏಕೆಂದರೆ ಮೂಲ ಸಿಗುವುದು ಅಲ್ಲಿಯೇ.

ಈ ವಿಧಾನ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. 2023ರ ಮೇ 28ರಂದು ದೆಹಲಿಯಲ್ಲಿ ಪ್ರತಿಭಟನೆ ನಡೆಸುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಪೊಲೀಸ್ ವಾಹನದೊಳಗೆ ವಿನೇಶ್ ಫೋಗಟ್ ಮತ್ತು ಸಂಗೀತಾ ಫೋಗಟ್ ಇತರರೊಂದಿಗೆ ಕುಳಿತ ಒಂದು ಸೆಲ್ಫಿ ಹೊರಬಂತು. ಅಸಲಿ ಚಿತ್ರದಲ್ಲಿ ಯಾರ ಮುಖದಲ್ಲಿಯೂ ನಗುವಿಲ್ಲ. ಕೆಲವೇ ಗಂಟೆಗಳಲ್ಲಿ ಅದೇ ಚಿತ್ರದ ಇನ್ನೊಂದು ರೂಪ ಹರಡಿತು. ಅದರಲ್ಲಿ ಇಬ್ಬರೂ ಹಲ್ಲು ಕಾಣುವಂತೆ ನಗುತ್ತಿದ್ದಾರೆ, ಕೆನ್ನೆಯಲ್ಲಿ ಗುಳಿ ಬಿದ್ದಿದೆ. ಬಟ್ಟೆ, ಆಸನ, ಬೆಳಕು, ಹಿಂದೆ ಕುಳಿತವರು ಎಲ್ಲವೂ ಮೊದಲಿನಂತೆಯೇ ಇವೆ. ಮೊಬೈಲಿನಲ್ಲಿ ಯಾರು ಬೇಕಾದರೂ ಬಳಸಬಹುದಾದ, ಮುಖಭಾವ ಬದಲಿಸುವ ಎಐ ಆ್ಯಪ್‌ನಿಂದ ಆ ನಗುವನ್ನು ತುಂಬಲಾಗಿತ್ತು. ಅದನ್ನು ನೋಡಿದ ಒಂದು ಗುಂಪು ಪ್ರತಿಭಟನೆಯೇ ನಾಟಕ ಎಂದಿತು, ಇನ್ನೊಂದು ಗುಂಪು ಕುದಿಯಿತು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಕೂಡಲೇ ಸಂದೇಹಕ್ಕೆ ಎಡೆಯೇ ಇರುವುದಿಲ್ಲ. ಆದರೆ ಅಕ್ಕಪಕ್ಕ ಇಟ್ಟು ನೋಡುವ ತಾಳ್ಮೆ ಆ ಸಂಜೆ ಎಷ್ಟು ಜನರಿಗಿತ್ತು?

ಎಚ್ಚರಿಕೆ: ಸಂಪೂರ್ಣವಾಗಿ ಎಐ ಸೃಷ್ಟಿಸಿದ ವಿಡಿಯೊಗೆ ಹಳೆಯ ಮೂಲವೇ ಇರುವುದಿಲ್ಲ, ಹಾಗಾಗಿ ಲೆನ್ಸ್‌ನಲ್ಲಿ ಏನೂ ಸಿಗದಿರಬಹುದು. "ಏನೂ ಸಿಗಲಿಲ್ಲ, ಆದ್ದರಿಂದ ಇದು ಹೊಸ ಘಟನೆ" ಎಂಬ ತೀರ್ಮಾನಕ್ಕೆ ಬರಬೇಡಿ. ಅಷ್ಟು ದೊಡ್ಡ ಘಟನೆ ನಿಜವಾಗಿ ನಡೆದಿದ್ದರೆ ಬೇರೆ ಕೋನದಿಂದ ತೆಗೆದ ಇನ್ನೊಂದು ವಿಡಿಯೊ, ಸ್ಥಳೀಯ ಪತ್ರಿಕೆಯ ಒಂದು ಸುದ್ದಿ, ಪೊಲೀಸರ ಒಂದು ಹೇಳಿಕೆ ಇರಲೇಬೇಕು.

ಹಂತ 4: ಕಣ್ಣು, ಕಿವಿಗಳಿಂದ ಪರೀಕ್ಷಿಸಿ, ಆದರೆ ಅವನ್ನೇ ನೆಚ್ಚಬೇಡಿ

ಬೆರಳುಗಳು ಆರಾಗಿವೆಯೇ, ಕಣ್ಣು ಮಿಟುಕುತ್ತಿದೆಯೇ ಎಂದು ನೋಡುವ ಸಲಹೆಗಳು ಈಗ ಹಳೆಯವಾದವು. ಕನ್ನಡದ ಮಟ್ಟಿಗೆ ಇನ್ನೂ ಸ್ವಲ್ಪ ಉಪಯೋಗಕ್ಕೆ ಬರುವ ಕುರುಹುಗಳು ಬೇರೆ. ಹಿನ್ನೆಲೆಯಲ್ಲಿರುವ ಅಂಗಡಿಯ ಫಲಕಗಳನ್ನೂ ಬಸ್ಸಿನ ನಾಮಫಲಕವನ್ನೂ ದೊಡ್ಡದು ಮಾಡಿ ಓದಿ. ಎಐ ಬಿಡಿಸಿದ ಕನ್ನಡ ಅಕ್ಷರಗಳಲ್ಲಿ ಒತ್ತಕ್ಷರಗಳೂ ಕೊಂಬುಗಳೂ ಕಲಸಿಹೋಗಿ, ದೂರದಿಂದ ಕನ್ನಡದಂತೆ ಕಂಡರೂ ಓದಲು ಬಾರದ ಗೀಚುಗಳಾಗಿರುವುದುಂಟು. ಧ್ವನಿಯಾದರೆ ಆಡುನುಡಿಯನ್ನು ಗಮನಿಸಿ. ಕಲಬುರಗಿಯ ನಾಯಕರೊಬ್ಬರು ಖಾಸಗಿ ಮಾತುಕತೆಯಲ್ಲಿ ಪಠ್ಯಪುಸ್ತಕದ ಕನ್ನಡ ಮಾತನಾಡುತ್ತಿದ್ದರೆ, ಮಂಗಳೂರಿನವರ ಮಾತಿನಲ್ಲಿ ಆ ಕಡೆಯ ರಾಗವೇ ಇಲ್ಲದಿದ್ದರೆ, ಉಸಿರು ತೆಗೆದುಕೊಳ್ಳುವ ಜಾಗವಿಲ್ಲದೆ ವಾಕ್ಯಗಳು ಒಂದೇ ಸಮನೆ ಓಡುತ್ತಿದ್ದರೆ ಅನುಮಾನಿಸಲು ಕಾರಣವಿದೆ.

ಆದರೂ ಈ ಹಂತಕ್ಕೆ ಕಡಿಮೆ ಅಂಕ ಕೊಡಿ. ಕೇವಲ ಮೂರು ಸೆಕೆಂಡುಗಳ ಮಾದರಿಯಿಂದ ಒಬ್ಬರ ಧ್ವನಿಯನ್ನು ನಕಲು ಮಾಡಬಲ್ಲ ವ್ಯವಸ್ಥೆಯನ್ನು ಮೈಕ್ರೊಸಾಫ್ಟ್ ಸಂಶೋಧಕರು 2023ರಷ್ಟು ಹಿಂದೆಯೇ ತೋರಿಸಿದ್ದರು. ಇಂದು ಕಾಣುವ ದೋಷ ನಾಳಿನ ಆವೃತ್ತಿಯಲ್ಲಿ ಇರುವುದಿಲ್ಲ. ಮುಖದ ಅಂಚು ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಫೋನಿನಲ್ಲಿ ತೆಗೆದ ನಿಜವಾದ ವಿಡಿಯೊವನ್ನು ಸುಳ್ಳೆಂದು ಸಾರಿಬಿಡುವ ಅಪಾಯವೂ ಇದೆ.

ಹಂತ 5: ಪರಿಶೀಲನೆ ಮಾಡಿದವರನ್ನು ಕೇಳಿ, ಚಾಟ್‌ಬಾಟನ್ನು ನ್ಯಾಯಾಧೀಶನನ್ನಾಗಿ ಮಾಡಬೇಡಿ

ವಿಡಿಯೊದಲ್ಲಿರುವ ಮುಖ್ಯ ಪದಗಳ ಜೊತೆ "ಫ್ಯಾಕ್ಟ್ ಚೆಕ್" ಎಂದು ಸೇರಿಸಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹುಡುಕಿ. ನ್ಯೂಸ್‌ಚೆಕರ್‌ನ ಕನ್ನಡ ವಿಭಾಗ, ಪ್ರಜಾವಾಣಿಯ ಫ್ಯಾಕ್ಟ್ ಚೆಕ್ ಅಂಕಣ ಮೊದಲಾದ ಕಡೆ ವೈರಲ್ ಆದ ಬಹಳಷ್ಟು ವಿಡಿಯೊಗಳ ಪರಿಶೀಲನೆ ಸಿಗುತ್ತದೆ. ಅನುಮಾನಾಸ್ಪದ ಎಐ ವಿಡಿಯೊ, ಧ್ವನಿಗಳನ್ನು ಪರಿಶೀಲಿಸಲೆಂದೇ 2024ರಲ್ಲಿ ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್ ಎಂಬ ವ್ಯವಸ್ಥೆ ವಾಟ್ಸ್‌ಆ್ಯಪ್ ಸಹಾಯವಾಣಿಯೊಂದಿಗೆ ಆರಂಭವಾಯಿತು. ಅದು ಶುರುವಾದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಎಂಬುದು ನಮ್ಮ ಸಂಸ್ಥೆಗಳೂ ಪತ್ರಿಕೆಗಳೂ ಗಂಭೀರವಾಗಿ ಯೋಚಿಸಬೇಕಾದ ವಿಷಯ.

"ಎಐ ಮಾಡಿದ್ದನ್ನು ಎಐಯನ್ನೇ ಕೇಳಿದರಾಯಿತಲ್ಲ?" ಎಂದು ಹಲವರು ಕೇಳುತ್ತಾರೆ. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ ಏನಾಯಿತು ನೋಡಿ. ಸುಡಾನ್ ದೇಶದ ಖಾರ್ಟೂಮ್ ವಿಮಾನ ನಿಲ್ದಾಣದ ಹಳೆಯ ವಿಡಿಯೊವೊಂದನ್ನು ಎಕ್ಸ್ (ಹಿಂದಿನ ಟ್ವಿಟರ್) ತಾಣದ ಗ್ರೋಕ್ ಎಂಬ ಚಾಟ್‌ಬಾಟ್ (ಪ್ರಶ್ನೆಗಳಿಗೆ ಉತ್ತರಿಸುವ ಎಐ), ಪಾಕಿಸ್ತಾನದ ನೂರ್ ಖಾನ್ ವಾಯುನೆಲೆಯ ಮೇಲಿನ ಕ್ಷಿಪಣಿ ದಾಳಿಯೆಂದು ಗುರುತಿಸಿತು. ಸತ್ಯ ತಿಳಿಯಲು ಕೇಳಿದವರಿಗೆ ಸಿಕ್ಕಿದ್ದು ಸುಳ್ಳಿಗೊಂದು ಮುದ್ರೆ. ಅದೇ ದಿನಗಳಲ್ಲಿ ಪಾಕಿಸ್ತಾನದ ಸೇನಾ ವಕ್ತಾರರು ತಮ್ಮ ಎರಡು ಯುದ್ಧವಿಮಾನಗಳು ನಷ್ಟವಾದವೆಂದು ಒಪ್ಪಿಕೊಂಡರೆಂಬ ಡೀಪ್‌ಫೇಕ್ ಕೂಡ ಹರಡಿತ್ತು. ವಿಡಿಯೊ ಗೇಮ್‌ನ ದೃಶ್ಯಗಳೂ ಯುದ್ಧದ ದೃಶ್ಯಗಳೆಂದು ಓಡಾಡಿದವು.

ಚಾಟ್‌ಬಾಟ್‌ಗಳಿಗೆ ಇನ್ನೊಂದು ದೌರ್ಬಲ್ಯವಿದೆ: ಕೇಳುವವರಿಗೆ ಹಿತವಾಗುವಂತೆ ಉತ್ತರಿಸುವುದು. ಬಳಕೆದಾರರನ್ನು ಅತಿಯಾಗಿ ಹೊಗಳಿ, ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತದೆ ಎಂಬ ಕಾರಣಕ್ಕೆ ಓಪನ್‌ಎಐ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಪರಿಷ್ಕರಣೆಯನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಮಂಡ್ಯದವರು "ಕಾವೇರಿ ವಿಚಾರದಲ್ಲಿ ನಮಗೆ ಅನ್ಯಾಯವಾಗಿದೆ ಅಲ್ಲವೇ?" ಎಂದು ಕೇಳಿ, ತಂಜಾವೂರಿನವರೂ ತಮ್ಮ ಭಾಷೆಯಲ್ಲಿ ಅದನ್ನೇ ಕೇಳಿದರೆ, ಇಬ್ಬರಿಗೂ ತಮ್ಮದೇ ಸರಿ ಎನ್ನಿಸುವ ಉತ್ತರ ಸಿಗುವ ಸಾಧ್ಯತೆಯಿದೆ. ಪ್ರಶ್ನೆಯನ್ನು ಬದಲಿಸಿ: "2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಯಾವ ರಾಜ್ಯಕ್ಕೆ ಎಷ್ಟು ನೀರು ಹಂಚಿಕೆಯಾಗಿದೆ? ಎರಡೂ ರಾಜ್ಯಗಳ ಆಕ್ಷೇಪಗಳೇನು?" ಆಗ ಪರಿಶೀಲಿಸಬಹುದಾದ ಸಂಗತಿಗಳು ಹೊರಬರಬೇಕು: ಕರ್ನಾಟಕಕ್ಕೆ 284.75 ಟಿಎಂಸಿ ಅಡಿ, ಅಂದರೆ ನ್ಯಾಯಮಂಡಳಿ ಕೊಟ್ಟಿದ್ದಕ್ಕಿಂತ 14.75 ಹೆಚ್ಚು, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳಿಕೆ. ಬಂದ ಅಂಕಿಗಳನ್ನು ತೀರ್ಪಿನ ವರದಿಯೊಂದಿಗೆ ಹೋಲಿಸಿ ನೋಡಿ. ಎರಡೂ ಕಡೆಯವರು ಒಪ್ಪಲೇಬೇಕಾದ ಸಂಗತಿಗಳಿಂದ ಮಾತು ಶುರುವಾದರೆ ಜಗಳದ ಸ್ವರೂಪವೇ ಬದಲಾಗುತ್ತದೆ.

ಹಂತ 6: ಇದಕ್ಕೆ ವಿರುದ್ಧವಾದ ತಪ್ಪನ್ನೂ ಮಾಡಬೇಡಿ

ಮೇಲಿನ ಹಂತಗಳನ್ನು ಕಲಿತವರು ಬೀಳುವ ಗುಂಡಿಯೊಂದಿದೆ. ತಮಗೆ ಒಗ್ಗದ ನಿಜವನ್ನೆಲ್ಲ "ಇದು ಎಐ" ಎಂದು ತಳ್ಳಿಹಾಕುವುದು ಆ ಗುಂಡಿ. ಸುಳ್ಳು ಹೆಚ್ಚಿದಷ್ಟೂ ತಪ್ಪು ಮಾಡಿದವರು "ಆ ವಿಡಿಯೊದಲ್ಲಿರುವುದು ನಾನಲ್ಲ" ಎಂದು ಸುಲಭವಾಗಿ ಜಾರಿಕೊಳ್ಳಬಹುದು. ಇದಕ್ಕೆ ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಬಾಬಿ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಇಟ್ಟ ಹೆಸರನ್ನು ಕನ್ನಡದಲ್ಲಿ ಸುಳ್ಳುಗಾರನಿಗೆ ಸಿಗುವ ಲಾಭಾಂಶ ಎನ್ನಬಹುದು.

ಆಫ್ರಿಕಾದ ಗ್ಯಾಬೊನ್ ದೇಶದಲ್ಲಿ ಇದರ ಪರಿಣಾಮ ಕಂಡುಬಂತು. ಅನಾರೋಗ್ಯದಿಂದ ಹಲವು ವಾರ ಕಾಣಿಸಿಕೊಳ್ಳದಿದ್ದ ಅಧ್ಯಕ್ಷ ಅಲಿ ಬೊಂಗೊ ಅವರ ಹೊಸ ವರ್ಷದ ಭಾಷಣದ ವಿಡಿಯೊ ಬಂದಾಗ, ಮುಖಚಲನೆ ಅಸಹಜವಾಗಿದೆ, ಇದು ಡೀಪ್‌ಫೇಕ್ ಇರಬೇಕು ಎಂಬ ಮಾತು ಹಬ್ಬಿತು. 2019ರ ಜನವರಿ 7ರಂದು ಸೈನಿಕರ ಒಂದು ಗುಂಪು ಆ ಭಾಷಣವನ್ನೂ ಪ್ರಸ್ತಾಪಿಸಿ ದಂಗೆಗೆ ಯತ್ನಿಸಿತು. ವಿಡಿಯೊ ನಕಲಿ ಎಂಬುದಕ್ಕೆ ಪುರಾವೆ ಸಿಗಲಿಲ್ಲ; ಅಧ್ಯಕ್ಷರಿಗೆ ಪಾರ್ಶ್ವವಾಯು ಆಗಿತ್ತು. ನಕಲಿ ಎಂಬ ಅನುಮಾನವೂ ಆ ದೇಶದ ಗೊಂದಲವನ್ನು ಹೆಚ್ಚಿಸಿತು.

ಅಸಲಿ ವಿಡಿಯೊ ಎಂದ ಮಾತ್ರಕ್ಕೆ ಹರಡಬಹುದು ಎಂದೂ ತಿಳಿಯಬೇಡಿ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಭೆಗೆ ಮೊದಲು ಹರಿದಾಡಿದ ಹಲ್ಲೆಯ ವಿಡಿಯೊಗಳು ನಿಜವಾದವೇ ಆಗಿದ್ದವು. ಬೆಂಗಳೂರಿನಲ್ಲಿ ತಮಿಳು ಯುವಕನಿಗೆ ಹೊಡೆದದ್ದನ್ನು ತಮಿಳುನಾಡಿನವರು, ರಾಮೇಶ್ವರದಲ್ಲಿ ಕನ್ನಡಿಗನಿಗೆ ಹೊಡೆದದ್ದನ್ನು ಕರ್ನಾಟಕದವರು ನೋಡಿದರು. ಯಾವುದೋ ಬೀದಿಯ ಕೆಲವೇ ಜನರ ಕೃತ್ಯ ಎರಡು ರಾಜ್ಯಗಳ ಜನರ ಕೃತ್ಯವೆಂಬಂತೆ ಬಿಂಬಿತವಾಯಿತು, ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಉರಿದವು. ಆದ್ದರಿಂದ ವಿಡಿಯೊ ನಿಜವೆಂದು ಖಚಿತವಾದ ಮೇಲೂ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನೋಡಿದವರು ಒಬ್ಬ ವ್ಯಕ್ತಿಯ ಮೇಲೆ ಸಿಟ್ಟಾಗುತ್ತಾರೋ, ಒಂದು ಇಡೀ ಸಮುದಾಯದ ಮೇಲೋ? ಎರಡನೆಯದಾದರೆ ಅದನ್ನು ಕೊಡಬೇಕಾದದ್ದು ಪೊಲೀಸರಿಗೆ, ಗ್ರೂಪ್‌ಗಲ್ಲ.

ಹಂತ 7: ಕಳುಹಿಸಿದವರಿಗೆ ಹೇಳುವ ಕ್ರಮ

ಹೆಚ್ಚಿನವರು ಎಡವುವುದು ಇಲ್ಲಿ. ಗ್ರೂಪ್‌ನಲ್ಲಿ ಎಲ್ಲರೆದುರು "ಇದು ಫೇಕ್, ನೋಡಿ ಕಳಿಸಿ" ಎಂದು ಹಾಕಿಬಿಟ್ಟರೆ ನಿಮ್ಮ ಮಾತು ಸರಿಯಾಗಿದ್ದರೂ ಕೆಲಸ ಕೆಡುತ್ತದೆ. ಹಿರಿಯರಿಗೆ ಅದು ಅವಮಾನ. ಆಮೇಲೆ ಅವರು ಸಮರ್ಥಿಸಿಕೊಳ್ಳುವುದು ವಿಡಿಯೊವನ್ನಲ್ಲ, ತಮ್ಮ ಮರ್ಯಾದೆಯನ್ನು.

ಮೊದಲು ವೈಯಕ್ತಿಕವಾಗಿ ಕರೆ ಮಾಡಿ ಅಥವಾ ಬೇರೆಯಾಗಿ ಸಂದೇಶ ಕಳುಹಿಸಿ. ಮಾದರಿಗೆ ಹೀಗೆ ಬರೆಯಬಹುದು: "ಚಿಕ್ಕಪ್ಪ, ನೀವು ಬೆಳಿಗ್ಗೆ ಹಾಕಿದ ವಿಡಿಯೊ ನೋಡಿದೆ. ನನಗೂ ನೋಡಿದ ಕೂಡಲೇ ಕಳವಳವಾಯಿತು. ಸ್ವಲ್ಪ ಹುಡುಕಿದಾಗ ಅದು ಎರಡು ವರ್ಷದ ಹಿಂದಿನ ಬೇರೆ ಊರಿನದ್ದು ಅಂತ ಈ ವರದಿಯಲ್ಲಿ ಇದೆ, ಲಿಂಕ್ ಕಳಿಸಿದ್ದೇನೆ. ನೀವೂ ಒಮ್ಮೆ ನೋಡಿ. ನಿಮಗೆ ಸರಿ ಅನ್ನಿಸಿದರೆ ಗ್ರೂಪ್‌ನಲ್ಲಿ ನೀವೇ ಒಂದು ಮಾತು ಹಾಕಿಬಿಡಿ." ಇದರಲ್ಲಿ ಗಮನಿಸಬೇಕಾದದ್ದು ಇಷ್ಟು: ಅವರ ಕಳವಳವನ್ನು ಹಗುರ ಮಾಡಿಲ್ಲ, ಪುರಾವೆ ಜೊತೆಯಲ್ಲಿದೆ, ತಿದ್ದುವ ಗೌರವವನ್ನು ಅವರಿಗೇ ಬಿಟ್ಟುಕೊಡಲಾಗಿದೆ. ಚಿಕ್ಕಪ್ಪನೇ ಗ್ರೂಪ್‌ನಲ್ಲಿ "ಬೆಳಿಗ್ಗೆ ಹಾಕಿದ್ದು ಹಳೆಯದಂತೆ, ಯಾರೂ ಮುಂದೆ ಕಳಿಸಬೇಡಿ" ಎಂದು ಹಾಕಿದರೆ ಅದರ ತೂಕವೇ ಬೇರೆ.

ಇದು ಬರಿಯ ನಯವಂತಿಕೆಯ ಮಾತಲ್ಲ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಿತೂರಿ ಕಥನಗಳನ್ನು ನಂಬಿದ್ದ ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಎಐ ಚಾಟ್‌ಬಾಟ್ ಜೊತೆ ಸಂವಾದ ನಡೆಸಿದರು. ಅವರ ನಂಬಿಕೆಯ ಗಟ್ಟಿತನ ಸರಾಸರಿ ಶೇ 20ರಷ್ಟು ಇಳಿಯಿತು, ಎರಡು ತಿಂಗಳ ನಂತರವೂ ಆ ಇಳಿಕೆ ಉಳಿದಿತ್ತು. ಪ್ರತಿಯೊಬ್ಬರೂ ಕೊಟ್ಟ ಅವರವರದೇ ಕಾರಣಗಳಿಗೆ ಅಲ್ಲಿ ಹೀಯಾಳಿಕೆಯಿಲ್ಲದೆ, ಪುರಾವೆಯೊಂದಿಗೆ ಉತ್ತರ ಸಿಕ್ಕಿತ್ತು. ಜನರನ್ನು ಒಡೆಯಬಲ್ಲ ತಂತ್ರಜ್ಞಾನವೇ ಹೀಗೆ ಬಳಸಿದಾಗ ಅಂತರವನ್ನು ಕಡಿಮೆ ಮಾಡಿತು ಎಂಬುದು ಭರವಸೆಯ ಸಂಗತಿ. ಆದರೆ ಆ ಬಗೆಯ ತಾಳ್ಮೆಯ ಮಾತಿಗೆ ಯಂತ್ರವೇ ಬೇಕೆಂದಿಲ್ಲ, ಮನೆಯವರಾದ ನಿಮಗೆ ಅವರ ಕಾರಣಗಳು ಇನ್ನೂ ಚೆನ್ನಾಗಿ ಗೊತ್ತಿರುತ್ತವೆ.

ಹೇಳಿದ ಮೇಲೂ ಒಪ್ಪದಿದ್ದರೆ ಅಲ್ಲಿಗೆ ನಿಲ್ಲಿಸಿ. ಒಂದೇ ದಿನ ಮೂರು ಲಿಂಕ್ ಕಳುಹಿಸಬೇಡಿ. ಗ್ರೂಪ್‌ನಿಂದ ಹೊರಹೋಗುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಭಿನ್ನ ಅಭಿಪ್ರಾಯದವರೆಲ್ಲ ಹೀಗೆ ಹೊರಟುಹೋದರೆ ಉಳಿದವರಿಗೆ ಕೇಳಿಸುವುದು ತಮ್ಮ ಪ್ರತಿಧ್ವನಿ ಮಾತ್ರ.

ಹಂತ 8: ನಿಮ್ಮ ಫೋನಿಗೆ ಬರುವುದನ್ನು ಸೋಸಿ

ಫೀಡ್ ಎಂದರೆ ತಾಣವನ್ನು ತೆರೆದ ಕೂಡಲೇ ಕಾಣುವ ವಿಡಿಯೊ, ಬರಹಗಳ ಸಾಲು. ಸಿಟ್ಟು ಬರಿಸುವ ವಿಡಿಯೊವನ್ನು ಬಯ್ಯಲೆಂದೇ ಕೊನೆಯವರೆಗೆ ನೋಡಿದರೂ ಅಲ್ಗಾರಿದಮ್‌ಗೆ ಅದು ಆಸಕ್ತಿಯೆಂದೇ ಕಾಣಬಹುದು. ಫೇಸ್‌ಬುಕ್ 2017ರಿಂದ ಕೆಲಕಾಲ, ಸಿಟ್ಟಿನ ಮುಖವೂ ಸೇರಿದಂತೆ ಎಮೊಜಿ ಪ್ರತಿಕ್ರಿಯೆಗಳಿಗೆ ಲೈಕ್‌ಗಿಂತ ಐದು ಪಟ್ಟು ಬೆಲೆ ಕೊಟ್ಟಿತ್ತೆಂಬುದು ಆ ಕಂಪನಿಯ ದಾಖಲೆಗಳಿಂದಲೇ ತಿಳಿದುಬಂದಿದೆ.

ಯೂಟ್ಯೂಬ್‌ನಲ್ಲಿ ವಿಡಿಯೊದ ಪಕ್ಕದ ಮೂರು ಚುಕ್ಕೆ ಒತ್ತಿ "ನಾಟ್ ಇಂಟರೆಸ್ಟೆಡ್" ಅಥವಾ "ಡೋಂಟ್ ರೆಕಮೆಂಡ್ ಚಾನೆಲ್" ಆರಿಸಿ. ನೋಡಿದ ವಿಡಿಯೊಗಳ ಇತಿಹಾಸವನ್ನು ಅಳಿಸಿ, ದಾಖಲಾಗದಂತೆ ನಿಲ್ಲಿಸಿಬಿಟ್ಟರೆ ಮುಖಪುಟದ ಶಿಫಾರಸುಗಳೇ ನಿಂತುಹೋಗುತ್ತವೆ. ಮನೆಯ ಹಿರಿಯರ ಫೋನಿನಲ್ಲಿ ಅವರನ್ನು ಕೇಳಿಯೇ ಇದನ್ನು ಮಾಡಿಕೊಡಿ. ಇನ್‌ಸ್ಟಾಗ್ರಾಂನಲ್ಲಿ ಶಿಫಾರಸುಗಳನ್ನು ಮೊದಲಿನಿಂದ ಶುರುಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ.

ಅಪರಿಚಿತರ ಕಾಮೆಂಟುಗಳ ಭರಾಟೆಯನ್ನು ಜನಾಭಿಪ್ರಾಯವೆಂದು ಭಾವಿಸಬೇಡಿ. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ರೆಡಿಟ್ ತಾಣದ ಚರ್ಚಾವೇದಿಕೆಯಲ್ಲಿ ಯಾರಿಗೂ ತಿಳಿಸದೆ, ಮನುಷ್ಯರ ಸೋಗಿನಲ್ಲಿ ಎಐಯಿಂದ ಸಾವಿರಕ್ಕೂ ಹೆಚ್ಚು ಕಾಮೆಂಟು ಬರೆಸಿದ್ದು 2025ರಲ್ಲಿ ಬಯಲಾಗಿ ದೊಡ್ಡ ವಿವಾದವಾಯಿತು. ಅಲ್ಲಿ ವಾದಿಸುತ್ತಿದ್ದವರಿಗೆ ಎದುರಿಗಿರುವುದು ಯಂತ್ರವೆಂಬುದು ಗೊತ್ತೇ ಇರಲಿಲ್ಲ.

ಹಂತ 9: ದೂರು ಕೊಡಬೇಕಾದ ಸಂದರ್ಭ

ವಿಡಿಯೊ ಒಂದು ಸಮುದಾಯದ ಮೇಲೆ ಹಿಂಸೆಗೆ ಕರೆ ಕೊಡುತ್ತಿದ್ದರೆ, ಮಹಿಳೆಯೊಬ್ಬರ ಮುಖವನ್ನು ತಿರುಚಿ ಮಾಡಿದ್ದರೆ, ಅಥವಾ ನಿಮ್ಮ ಊರಿನಲ್ಲಿ ಆಗಲೇ ಬಿಗುವು ಹುಟ್ಟಿಸಿದ್ದರೆ ಸುಮ್ಮನಿರುವುದು ಸರಿಯಲ್ಲ. ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಉಳಿದಂತೆ ಹತ್ತಿರದ ಸೆನ್ (ಸೈಬರ್ ಅಪರಾಧ) ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು. ಧ್ವನಿ ನಕಲು ಮಾಡಿ ಹಣ ಕಿತ್ತಿದ್ದರೆ 1930ಕ್ಕೆ ಆದಷ್ಟು ಬೇಗ ಕರೆ ಮಾಡಿ. ಗುಂಪುಗಳ ನಡುವೆ ದ್ವೇಷ ಹರಡುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಅಡಿಯಲ್ಲಿಯ ಅಪರಾಧ. ಸುಳ್ಳು ಮಾಹಿತಿ, ವದಂತಿಗಳ ಮೂಲಕ ಸಾರ್ವಜನಿಕ ಶಾಂತಿ ಕದಡುವುದಕ್ಕೆ 353ನೇ ಕಲಂ ಇದೆ. "ನಾನು ಬರೀ ಫಾರ್ವರ್ಡ್ ಮಾಡಿದೆ" ಎಂಬ ಮಾತನ್ನು ರಕ್ಷಣೆಯೆಂದು ನೆಚ್ಚಬೇಡಿ.

ದೂರಿಗೆ ಮೊದಲು ಸಂದೇಶವನ್ನು ಅಳಿಸಬೇಡಿ. ಕಳುಹಿಸಿದ ಸಂಖ್ಯೆ, ದಿನಾಂಕ, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ವಿಡಿಯೊವನ್ನು ಮೂಲ ರೂಪದಲ್ಲಿಯೇ ಉಳಿಸಿಕೊಳ್ಳಿ. ಜನರನ್ನು ಎಚ್ಚರಿಸುವ ಉದ್ದೇಶದಿಂದಲೂ ಅದನ್ನು ಬೇರೆ ಗ್ರೂಪ್‌ಗಳಿಗೆ ಹಾಕಬೇಡಿ. ಎಚ್ಚರಿಸಲೇಬೇಕಾದರೆ ಚಿತ್ರದ ಮೇಲೆ ದೊಡ್ಡದಾಗಿ "ಸುಳ್ಳು" ಎಂದು ಬರೆದ ಸ್ಕ್ರೀನ್‌ಶಾಟ್ ಕಳುಹಿಸಿ.

ಅಡ್ಮಿನ್‌ಗಳು ಕೇಳುವ ಪ್ರಶ್ನೆಗೂ ಉತ್ತರ ಇಲ್ಲಿಯೇ ಹೇಳಿಬಿಡುತ್ತೇನೆ. ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಯಾರು ಹಾಕಿದ ಸಂದೇಶವನ್ನಾದರೂ ಗ್ರೂಪ್‌ನಿಂದ ಅಳಿಸುವ ಸೌಲಭ್ಯವನ್ನು ವಾಟ್ಸ್‌ಆ್ಯಪ್ ಅಡ್ಮಿನ್‌ಗೆ ಕೊಟ್ಟಿದೆ. ಸ್ಕ್ರೀನ್‌ಶಾಟ್ ತೆಗೆದು, ವಿಡಿಯೊ ಉಳಿಸಿಕೊಂಡು, ದೂರು ಕೊಡುವುದಿದ್ದರೆ ಕೊಟ್ಟ ನಂತರ ಅದನ್ನು ಬಳಸಿ. ಬಿಗುವಿನ ದಿನಗಳಲ್ಲಿ ಗ್ರೂಪ್ ಸೆಟ್ಟಿಂಗ್ಸ್‌ಗೆ ಹೋಗಿ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬದಲಿಸಿಡಿ, ಹಾಗೆ ಏಕೆ ಮಾಡಿದಿರೆಂಬುದನ್ನು ಎಲ್ಲರಿಗೂ ಒಂದು ಸಾಲಿನಲ್ಲಿ ತಿಳಿಸಿ.